ತಮ್ಮ ತಪ್ಪಿನ ವಿಳಾಸ ಕೊಟ್ಟ ಮಾರ್ಗದರ್ಶಕಿ

ಸಾಬೂನಿನ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದ ನಲವತ್ತು ಹೆಂಗಸರನ್ನು ಒಂದು ಮಂಗಳವಾರ ಬೆಳಿಗ್ಗೆ ಗೇಟಿನಿಂದಲೇ ಹಿಂದಕ್ಕೆ ಕಳಿಸಲಾಯಿತು. ಗೋಡೆಗೆ ಅಂಟಿಸಿದ್ದ ಪಟ್ಟಿಯಲ್ಲಿ ನನ್ನ ಹೆಸರು ಹದಿನೇಳನೆಯದು. ಒಳಗೆ ಉಳಿದಿದ್ದ ನಮ್ಮ ಕೆಲಸದ ಚಪ್ಪಲಿ, ಡಬ್ಬಿಗಳನ್ನು ಮಧ್ಯಾಹ್ನ ಗೋಣಿಚೀಲಗಳಲ್ಲಿ ತುಂಬಿ ಹೊರಗಿಟ್ಟರು.

ಅಭಿನಂದನ ಗ್ರಂಥದ ಲೇಖನವನ್ನು ಹೀಗೆ ಆರಂಭಿಸುವ ವಾಡಿಕೆಯಿಲ್ಲವೆಂದು ಸಂಪಾದಕರು ಸೌಜನ್ಯದಿಂದಲೇ ತಿಳಿಸಿದ್ದಾರೆ. ಆದರೆ ಇಪ್ಪತ್ತಾರು ವರ್ಷಗಳ ಸೇವೆಯನ್ನು ಪೂರೈಸಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಸರ್ಕಾರಿ ವೃತ್ತಿ ಮಾರ್ಗದರ್ಶನ ಕೇಂದ್ರದ ಹಿರಿಯ ಮಾರ್ಗದರ್ಶಕಿಯವರನ್ನು ನಾನು ಕಂಡದ್ದೇ ಆ ಗೇಟಿನ ದೆಸೆಯಿಂದ. ಬೇರೆ ಬಾಗಿಲಿನಿಂದ ಅವರ ಬಳಿಗೆ ಹೋಗಲು ನನಗೆ ಬಾರದು. ದಾರಿ ತೋರಿಸುವವರಿಗೆ ಬರವಿಲ್ಲದ, ದಾರಿ ತಪ್ಪಿಸಿದೆನೆಂದು ಒಪ್ಪಿಕೊಳ್ಳುವವರು ದುರ್ಬೀನು ಹಾಕಿ ಹುಡುಕಿದರೂ ಸಿಗದ ಕ್ಷೇತ್ರವಿದು. ಇಲ್ಲಿ ಆ ಎರಡನೆಯ ಗುಂಪಿಗೆ ಸೇರಿದವರೆಂದು ನಾನು ಕಂಡದ್ದು ಅವರೊಬ್ಬರನ್ನೇ. ಮಾತಿಗೊಮ್ಮೆ ‘ತಡೀರಿ’ ಎನ್ನುವ ಅವರನ್ನು ನಾವು ತಡೀರಿ ಮೇಡಂ ಎಂದೇ ಕರೆಯುತ್ತಿದ್ದೆವು. ಅದು ಅವರಿಗೂ ಗೊತ್ತು.

ಅವರಿಗಿಂತ ಮೊದಲು ನಾನು ಇಬ್ಬರ ಮುಂದೆ ಕುಳಿತಿದ್ದೆ. ಮೊದಲನೆಯವರು ಕಾರ್ಖಾನೆಯೇ ಗೊತ್ತುಮಾಡಿದ್ದ ತರಬೇತುದಾರರು. ಇಪ್ಪತ್ತು ಪ್ರಶ್ನೆಗಳ ಹಾಳೆ ತುಂಬಿಸಿಕೊಂಡು ನನ್ನದು ಎದುರು ಬೀಳುವ ‘ಕೆಂಪು ಸ್ವಭಾವ’ ಎಂದರು. ಕೆಂಪನ್ನು ತುಸು ಹಸಿರಾಗಿಸಿಕೊಂಡರೆ ಹೊಸ ಘಟಕದಲ್ಲಿ ಮೇಲ್ವಿಚಾರಕಿಯ ಹುದ್ದೆಯಿದೆ, ನನಗೊಬ್ಬಳಿಗೆ. ಅದಕ್ಕೆ ಒಂದು ಕಾಗದಕ್ಕೆ ಸಹಿ ಹಾಕಬೇಕು, ಅಷ್ಟೆ. ನಲವತ್ತು ಜನರೂ ಸ್ವಇಚ್ಛೆಯಿಂದ ಕೆಲಸ ಬಿಟ್ಟರು, ಅದಕ್ಕೆ ನಾನು ಸಾಕ್ಷಿ ಎಂದು ಅದರಲ್ಲಿತ್ತು. ಗಡುವು ಹತ್ತು ದಿನ. ಎರಡನೆಯವರು ಭಾವನ ಸ್ನೇಹಿತರು; ನಾನು ಬಾಯಿ ತೆರೆಯುವ ಮೊದಲೇ ಹೋಟೆಲಿನ ಸ್ವಾಗತದ ಕೆಲಸವೇ ನನಗೆ ಸರಿಯೆಂದು ತೀರ್ಮಾನಿಸಿ, ತೊಂಬತ್ತು ದಿನದಲ್ಲಿ ಕೊಡಿಸುತ್ತೇನೆಂದು ಭಾಷೆಯಿತ್ತರು. ಮನೆಯಲ್ಲಿ ಹಾಸಿಗೆ ಹಿಡಿದ ಅಮ್ಮ, ಹೈಸ್ಕೂಲಿನ ಮಗಳು. ಭಾನುವಾರದ ಓದುಬಳಗದಲ್ಲಿ ಶೋಷಣೆಯ ಕುರಿತು ಗಂಟೆಗಟ್ಟಲೆ ಮಾತಾಡುತ್ತಿದ್ದ ನನಗೆ ಸೋಮವಾರ ಏನು ಮಾಡಬೇಕೆಂದೇ ತೋಚಲಿಲ್ಲ.

“ದಾರಿ ತೋರ್ಸೋರು ಇಬ್ರಾದ್ರು, ನಡೀಬೇಕಾದೋಳು ಮಾತ್ರ ನಿಂತಲ್ಲೇ ನಿಂತಿದಾಳೆ,” ಎಂದರು ಅತ್ತಿಗೆ. “ಮೂರಕ್ಕೆ ಮುಕ್ತಾಯ ಅಂತಾರಲ್ಲ, ಆ ಸರ್ಕಾರಿ ಮೇಡಮ್ಮನ್ನೂ ನೋಡ್ಕೊಂಡ್ ಬಾ.”

ಎರಡನೆಯ ಮಹಡಿಯ ಆ ಕೋಣೆಯ ಕಿಟಕಿಯಿಂದ ಸೈಕಲ್ ಸ್ಟ್ಯಾಂಡು ಕಾಣುತ್ತಿತ್ತು. ಒಂದೇ ಎತ್ತರದ ಎರಡು ಕುರ್ಚಿ, ನಡುವೆ ಮೇಜಿಲ್ಲ. ಎಲ್ಲವನ್ನೂ ಹೇಳಿ, “ಸಹಿ ಹಾಕ್ಲಾ, ಬೇಡ್ವಾ?” ಎಂದು ಕೇಳಿದೆ.

“ತಡೀರಿ. ನಾನು ನಿಮಗೆ ಆಗ್ತೀನೋ ಇಲ್ವೋ, ಅದನ್ನ ಮೊದ್ಲು ನೋಡ್ಕೊಳ್ಳಿ,” ಎಂದು ಅವರು ದಪ್ಪ ಪುಸ್ತಕವೊಂದನ್ನು ಹಿಂಬದಿಯಿಂದ ತೆರೆದು, ಒಂದು ವಿಳಾಸ ಬರೆದುಕೊಟ್ಟರು. “ಇವ್ರನ್ನ ಮಾತಾಡ್ಸಿ ಬನ್ನಿ.”

ಕೆಲಸ ಕೊಡುವವರಿರಬೇಕೆಂದು ನಾನು ಇಸ್ತ್ರಿಯ ಸೀರೆಯುಟ್ಟು ಅರ್ಜಿ ಹಿಡಿದು ಹೋದೆ. ಅದು ದರ್ಜಿಯೊಬ್ಬರ ಅಂಗಡಿ. ಗುಂಡಿ ಹೊಲಿಯಲು ಬರುತ್ತದೆ, ಕಾಜಾ ಕಲಿಯುತ್ತೇನೆ ಎಂದು ನಾನು ಒದರುತ್ತಿದ್ದರೆ ಅವರು ಹೊಲಿಗೆ ಯಂತ್ರ ನಿಲ್ಲಿಸಿ ನಕ್ಕರು.

“ಅಯ್ಯೋ ತಾಯಿ, ನಾನು ಕೆಲ್ಸ ಕೊಡೋನಲ್ಲ. ಆಯಮ್ಮನ ಮಾತು ಕೇಳಿ ಕೆಟ್ಟೋನು.”

ಅಂಕಪಟ್ಟಿಯನ್ನಷ್ಟೇ ನೋಡಿ ಮೇಡಂ ಹಿಂದೊಮ್ಮೆ ಈ ದರ್ಜಿಯನ್ನು ರಕ್ತಪರೀಕ್ಷೆಯ ತರಬೇತಿಗೆ ಕಳಿಸಿದ್ದರಂತೆ. ರಕ್ತ ಕಂಡರೆ ತಲೆ ಸುತ್ತಿ ಬೀಳುವ ಮನುಷ್ಯ. ಮೂರು ವರ್ಷ ಹಾಳು. “ಅಳತೆ ತಗೊಳ್ದೆ ಕತ್ತರಿ ಹಾಕ್ಬಿಟ್ರು,” ಎಂದರು. “ಆದ್ರೆ ತಪ್ಪು ನಂದು ಅಂತ ಹೇಳೋಕೆ ಈ ಮೆಟ್ಲು ಹತ್ತಿ ಬಂದ್ರು ನೋಡಿ. ನಿಮ್ಮ ವಿಳಾಸ ಬಂದೋರಿಗೆಲ್ಲ ಕೊಡ್ಲಾ ಅಂದ್ರು. ಕೊಡಿ, ನಾಲ್ಕು ಗಿರಾಕಿನಾದ್ರೂ ಆಗ್ತಾರೆ ಅಂದೆ. ನಿಮ್ಮದು ಬ್ಲೌಸ್ ಏನಾದ್ರೂ ಇದ್ಯಾ?”

ತನಗೆ ಒಗ್ಗುವ ಮಾರ್ಗದರ್ಶಕರನ್ನು ಆರಿಸಿಕೊಳ್ಳುವುದು ಹೇಗೆಂದು ಕೇಳುವವರಿಗೆ ನಾನು ಇಂದಿಗೂ ಆ ಅಂಗಡಿಯ ಕಥೆಯನ್ನೇ ಹೇಳುತ್ತೇನೆ. ಮಾರ್ಗದರ್ಶಕರ ಮಾತು ಕೇಳಿ ಕೆಟ್ಟವರೊಬ್ಬರ ವಿಳಾಸವನ್ನು ಅವರನ್ನೇ ಕೇಳಿ. ಅಂಥವರೇ ಇಲ್ಲವೆಂದರೆ ಎದ್ದು ಬನ್ನಿ. ಅವರಿಗೆ ಸಂಬಳ ಕೊಡುವವರು ಯಾರೆಂದು ವಿಚಾರಿಸಿ. ನಿಮ್ಮ ಮಾತು ಮುಗಿಯುವ ಮೊದಲೇ ಉತ್ತರ ಸಿದ್ಧವಿದ್ದರೆ, ಅದು ಇನ್ಯಾರಿಗೋ ಹೊಲಿದಿಟ್ಟ ಅಂಗಿ.

ಒಂಬತ್ತನೆಯ ದಿನ ಹಿಂತಿರುಗಿದೆ. ಮೇಡಂ ಆ ಕಾಗದವನ್ನು ಗಟ್ಟಿಯಾಗಿ ಓದಲು ಹೇಳಿದರು. ಓದುಬಳಗದಲ್ಲಿ ಎಂಥ ಕಠಿಣ ಗ್ರಂಥವನ್ನೂ ತಡವರಿಸದೆ ಓದುತ್ತಿದ್ದ ನಾನು ‘ಸ್ವಇಚ್ಛೆಯಿಂದ’ ಎಂಬಲ್ಲಿ ನಿಂತೆ. ಮತ್ತೆ ಮೊದಲಿನಿಂದ ಓದಿದೆ. ಮತ್ತೆ ಅಲ್ಲಿಯೇ ನಿಂತೆ. ಅವರು ಎದ್ದು ಹೋಗಿ ಒಂದು ಲೋಟ ನೀರು ತಂದರು. ಸಹಿ ಬೇಡವೆಂದು ಹೇಳಲಿಲ್ಲ, ಹಾಕಿ ಎಂದೂ ಹೇಳಲಿಲ್ಲ. ನಾನು ಹಾಕಲಿಲ್ಲ.

ಆಮೇಲೆ ಕೇಂದ್ರಕ್ಕೆ ಬರುವವರ ಅರ್ಜಿ ಬರೆಯಲು ತಮ್ಮ ಕೋಣೆಯ ಮೂಲೆಯಲ್ಲೇ ನನ್ನನ್ನು ಕೂರಿಸಿದರು. ಕಾರ್ಖಾನೆಯ ಮೇಲೆ ನಾವು ಹೂಡಿದ ದಾವೆ ಕಾರ್ಮಿಕ ನ್ಯಾಯಾಲಯಕ್ಕೆ ಬಂದಾಗ ಮೊದಲ ವಿಚಾರಣೆಗೆ ರಜೆ ಹಾಕಿ ಜೊತೆಗೆ ಬಂದರು. ಅಮ್ಮ ತೀರಿಕೊಂಡ ವಾರ ನನ್ನ ಪಾಲಿನ ಅರ್ಜಿಗಳನ್ನೂ ಅವರೇ ಬರೆದರು. ಅರ್ಜಿ ಬರೆಯುವುದೇ ನನ್ನ ವೃತ್ತಿಯಾಯಿತು. ನಲವತ್ತರಲ್ಲಿ ಇಪ್ಪತ್ತೆರಡು ಜನ ಆರು ವರ್ಷದ ಮೇಲೆ ಕೆಲಸಕ್ಕೆ ಮರಳಿದರು. ಉಳಿದವರು ಮರಳಲಿಲ್ಲ. ನನ್ನ ಮಗಳು ಆ ಮೊದಲ ವರ್ಷ ಶಾಲೆ ಬಿಡಬೇಕಾಯಿತು. “ನೀನ್ ಹಾಕ್ದೇ ಇದ್ದ ಸಹಿ ನನ್ನ ಒಂದು ವರ್ಷ ತಿಂದ್ಬಿಡ್ತಮ್ಮ,” ಎಂದು ಈಗಲೂ ಅನ್ನುತ್ತಾಳೆ. ನಾನು ಮಾಡಿದ್ದು ಸರಿಯೇ? ಓದುಬಳಗಕ್ಕಾಗಿ ಬಂಡವಾಳದ ಕುರಿತು ಮುನ್ನೂರು ಪುಟ ಟಿಪ್ಪಣಿ ಬರೆದವಳಿಗೆ ಇದೊಂದು ಸಾಲು ಇನ್ನೂ ಬಗೆಹರಿದಿಲ್ಲ.

ಮೇಡಂ ಅವರ ಪುಸ್ತಕದಲ್ಲಿ ಅವರ ಮಾತಿನಿಂದ ಒಳಿತಾದವರ ಹೆಸರು ಮುಂದಿನಿಂದ, ಕೆಟ್ಟವರದು ಹಿಂದಿನಿಂದ. ನಾನು ಯಾವ ಕಡೆ ಎಂದು ಒಮ್ಮೆ ಕೇಳಿದೆ. “ಅದನ್ನ ನೀವೇ ಬರೀಬೇಕು,” ಎಂದು ಪೆನ್ನು ಮುಂದೆ ಚಾಚಿದರು. ನಾನಿನ್ನೂ ಬರೆದಿಲ್ಲ. ನನ್ನ ಗೊಂದಲ ತೀರುವವರೆಗಾದರೂ ಅವರು ಆರೋಗ್ಯದಿಂದ ಬಾಳಲಿ, ಎದುರಿನ ಕುರ್ಚಿ ಎಂದೂ ಖಾಲಿಯಾಗದಿರಲಿ ಎಂದು ಹಾರೈಸುತ್ತೇನೆ. ನನ್ನ ವೇಗವನ್ನು ಬಲ್ಲವರಿಗೆ ಇದು ನೂರು ವರ್ಷದ ಹಾರೈಕೆಯೆಂದು ತಿಳಿದೀತು.

ಕಳೆದ ವಾರ ಈ ಗ್ರಂಥಕ್ಕೆ ಅವರ ಭಾವಚಿತ್ರ ಪಡೆಯಲು ಹೋಗಿದ್ದೆ. ಕೇಂದ್ರವನ್ನು ಮುಂದಿನ ತಿಂಗಳಿನಿಂದ ಖಾಸಗಿ ಸಂಸ್ಥೆಗೆ ವಹಿಸಲಾಗುತ್ತಿದೆ; ಅದರ ಮುಖ್ಯಸ್ಥರು, ನನ್ನನ್ನು ಕೆಂಪೆಂದ ಅದೇ ತರಬೇತುದಾರರು. ಮೇಲಧಿಕಾರಿ ಬಾಗಿಲಲ್ಲಿ ನಿಂತು ಹೇಳಿದರು: “ಮೇಡಂ, ಪುಸ್ತಕದ ಮುಂಭಾಗದ ಪುಟಗಳು ಸಾಕು ಅವ್ರಿಗೆ. ಹಿಂದಿನವನ್ನ ಹರಿದು ಹಾಕ್ಬಿಡಿ. ಕೇಂದ್ರದ ಮರ್ಯಾದೆ ಪ್ರಶ್ನೆ.”

“ತಡೀರಿ,” ಎಂದು ಅವರು ಪುಸ್ತಕವನ್ನು ಮಡಿಲಿಗೆಳೆದುಕೊಂಡು, ನನ್ನ ಕಡೆ ಕೈ ತೋರಿಸಿದರು. “ಇವ್ರಿನ್ನೂ ಬರೆದಿಲ್ಲ. ನಾನು ಹರಿಯಲ್ಲ.”