ಮೂವತ್ತಕ್ಕೆ ನಿಂತ ಡೈರಿಯ ಕಂಪ್ಯೂಟರು

ನನ್ನ ಊರುಗೋಲಿಗೆ ನನ್ನನ್ನು ನಡೆಸುವುದಕ್ಕಿಂತ ಬೇರೆ ಕೆಲಸಗಳೇ ಹೆಚ್ಚು. ಅಂಗಳದ ರಾಗಿಗೆ ಬಾಯಿ ಹಾಕುವ ಕೋಳಿ ಓಡಿಸಬೇಕು, ಅಟ್ಟದ ಅಂಚಿನ ಮೊರ ಇಳಿಸಬೇಕು, ಬೀದಿನಾಯಿಗೆ ಈ ಮುದುಕಿ ಇನ್ನೂ ಇದ್ದಾಳೆಂದು ಆಗಾಗ ನೆನಪು ಮಾಡಬೇಕು. ಇವೆಲ್ಲದರ ಮೇಲೆ, ದಿನಕ್ಕೆರಡು ಸಲ, ನಮ್ಮೂರ ಹೆಂಗಸರ ಹಾಲಿನ ಡೈರಿಯ ಬಾಗಿಲ ಪಕ್ಕದಲ್ಲಿ ಯಾವನೋ ಉದ್ದದ ಆಳು ತನ್ನ ಎತ್ತರ ನೋಡಿಕೊಂಡು ಬಡಿದುಹೋದ ಮೇನ್ ಸ್ವಿಚ್ಚಿನ ಕಪ್ಪು ಹಿಡಿಗೆ ಬಾಗಿದ ತುದಿಯನ್ನು ಕೊಕ್ಕೆ ಹಾಕಿ ಕೆಳಕ್ಕೆಳೆಯಬೇಕು. ಎಳೆದಾಗ ಠಕ್ಕೆಂದು ಒಂದು ಸದ್ದು ಬರುತ್ತದೆ. ಆ ಸದ್ದು ಕಿವಿಗೆ ಬೀಳದೆ ಬೀಗ ಹಾಕಿದ ದಿನ ಉಂಡದ್ದು ನನಗೆ ಮೈಗೆ ಹತ್ತುವುದಿಲ್ಲ.

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನೀವು ಎದ್ದು ಹೋದ ಕೋಣೆಯ ಫ್ಯಾನು ಆರಿಸುವವರು, ಒಂದೊಂದು ಸಲ ನೀವು ಒಳಗಿರುವಾಗಲೇ ದೀಪ ಆರಿಸುವವರು. ಅವರನ್ನು ಬಯ್ಯಬೇಡಿ ಎಂದು ನಾನು ಹೇಳುವುದಿಲ್ಲ. ಬಯ್ಯಿರಿ, ಆದರೆ ಕಾರಣವನ್ನೂ ಕೇಳಿ. ಹೆಗ್ಗಡದೇವನಕೋಟೆ ಕಡೆಯ ಹುಡುಗಿಯಾದ ನಾನು ಮದುವೆಯಾಗಿ ಹಾರನಹಳ್ಳಿಯ ಹತ್ತಿರದ ಈ ಊರಿಗೆ ಬಂದಾಗ ನಮ್ಮ ಮನೆಗೆ ಹುಲ್ಲಿನ ಮಾಡು. ನಮ್ಮತ್ತೆ ಗದ್ದೆಗೆ ಅರ್ಧ ದಾರಿ ಹೋದವಳು ಒಲೆಯಲ್ಲಿ ಕೆಂಡ ಉಳಿದಿದೆಯೇನೋ ಎಂದು ತಿರುಗಿ ಬರುತ್ತಿದ್ದಳು. ತಾನು ಬರಲಾಗದಿದ್ದರೆ ನನ್ನನ್ನು ಓಡಿಸುತ್ತಿದ್ದಳು. ಹುಲ್ಲು ಹೋಗಿ ಹೆಂಚು ಬಂತು, ಹೆಂಚು ಹೋಗಿ ತಾರಸಿ ಬಂತು, ಅತ್ತೆಯೂ ಹೋದಳು. ಆರಿಸುವ ಚಟ ಮಾತ್ರ ನನ್ನ ಕೈಯಲ್ಲಿ ಉಳಿಯಿತು.

ಡೈರಿಗೆ ಕಾರ್ಯದರ್ಶಿ ನನ್ನ ಸೊಸೆ ಮಂಗಳ. ಪಿಯುಸಿ ಓದಿ ಬಂದವಳು ಆರು ವರ್ಷ ನಮ್ಮ ಕೊಟ್ಟಿಗೆಯ ಸಗಣಿ ಬಾಚಿದಳು. ಎರಡು ವರ್ಷದ ಹಿಂದೆ ಡೈರಿಯ ಬೀಗದ ಕೈ ಸೆರಗಿಗೆ ಬಂದ ಮೇಲೆ ಅವಳ ನಡಿಗೆಯೇ ಬೇರೆಯಾಯಿತು. ನಾನು ಅಲ್ಲಿ ನೆಲ ತೊಳೆಯುವವಳು, ಬೀಗ ಹಾಕುವವಳು, ಉಳಿದ ಹೊತ್ತಿನಲ್ಲಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಎಲ್ಲರಿಗೂ ಬುದ್ಧಿ ಹೇಳುವವಳು. ನಲವತ್ತು ಜನ ಹೆಂಗಸರು ಹಾಲು ತರುತ್ತಾರೆ. ಒಂದು ಯಂತ್ರ ಹಾಲು ತೂಗುತ್ತದೆ, ಇನ್ನೊಂದು ಕೊಬ್ಬು ನೋಡುತ್ತದೆ, ಎರಡೂ ಕಂಪ್ಯೂಟರಿಗೆ ಚಾಡಿ ಹೇಳುತ್ತವೆ, ಕಂಪ್ಯೂಟರು ಚೀಟಿ ಕಕ್ಕುತ್ತದೆ. ಚೀಟಿ ಬಂದ ಹಾಲು ಮಾತ್ರ ವ್ಯಾನಿಗೆ. ಪುಸ್ತಕದಲ್ಲಿ ಬರೆದುಕೊಡುತ್ತೇವೆಂದರೆ ಮೇಲಿನ ಆಫೀಸಿನವರು ಒಪ್ಪುವುದಿಲ್ಲ, ವ್ಯಾನಿನವನು ಕಾಯುವುದಿಲ್ಲ.

ಹೀಗಿರುವಾಗ ಒಂದು ಶನಿವಾರ ಕಂಪ್ಯೂಟರಿನ ಮೂಲೆಯಲ್ಲಿ ಹೊಸ ಅಪ್‌ಡೇಟ್ ಬಂದಿದೆ, ಹಾಕಿಕೊಳ್ಳಲೇ ಎಂಬ ಪ್ರಶ್ನೆ ಹುಟ್ಟಿತು. ಮಂಗಳ ಹೂಂ ಎಂದು ಒತ್ತಿದಳು. ಮಾರನೆಯ ಬೆಳಿಗ್ಗೆಯಿಂದ ಶನಿ ಶುರುವಾಯಿತು. ಗುಂಡಿ ಒತ್ತಿದರೆ ಅರ್ಧ ಗಂಟೆ ಪರದೆಯ ಮೇಲೆ ಮಣಿಗಳು ಸುತ್ತು ಹಾಕುತ್ತವೆ. ಎದ್ದ ಮೇಲೂ ಒಬ್ಬಳ ಚೀಟಿಗೂ ಇನ್ನೊಬ್ಬಳ ಚೀಟಿಗೂ ನಡುವೆ ಒಂದು ಎಮ್ಮೆ ಕರೆದು ಮುಗಿಸಬಹುದು. ಕ್ಯೂ ಅರಳಿಕಟ್ಟೆಯವರೆಗೆ ಹೋಯಿತು, ಜೊತೆಗೆ ಬಾಯಿಗಳೂ.

“ಏನವ್ವಾ ಮಂಗಳಾ, ಇದ್ಕೇನು ಬಾಣಂತನವಾ? ಎಬ್ಬಿಸು ಮ್ಯಾಕೆ,” ಎಂದಳು ನಮ್ಮ ಪಕ್ಕದ ಮನೆಯ ಚಿಕ್ಕತಾಯಿ. ಊರಿನಲ್ಲಿ ನನ್ನ ಬಾಯಿಗೆ ಸಮನಾದ ಬಾಯಿ ಅವಳದೊಂದೇ. “ನಾಳಿಂದ ಹಸೂನೇ ಇಲ್ಲಿಗೆ ಹೊಡ್ಕಬಂದು ಕಟ್ಟಾಕ್ತೀನಿ ಕಣ. ಇದು ಎದ್ದಾಗ ಕರೀತೀನಿ.”

“ಅಪ್‌ಡೇಟ್ ಆಗದೆ ಚಿಕ್ಕಮ್ಮ, ಒಂದೆರಡು ದಿನ ಅಷ್ಟೇಯ.”

“ಕೇಳ್ದಾಗೆಲ್ಲ ಹೂಂ ಅಂತೀಯಲ್ಲ, ಅದ್ಕೇ ಇಂಗಾಗದು,” ಎಂದೆ ನಾನು, ಸ್ಟೂಲಿನ ಮೇಲಿಂದ. ಮಂಗಳ ನನ್ನ ಕಡೆ ತಿರುಗಲಿಲ್ಲ. ಅವಳ ಕುತ್ತಿಗೆ ಕೆಂಪಗಾದದ್ದು ಹಿಂದಿನಿಂದಲೇ ಕಾಣುತ್ತಿತ್ತು.

ಹುಣಸೂರಿನಿಂದ ಒಬ್ಬ ಮೆಕ್ಯಾನಿಕ್ಕನನ್ನು ಕರೆಸಿದೆವು. ಪೆಟ್ಟಿಗೆ ಬಿಚ್ಚಿ, ಧೂಳು ಊದಿ, ಎರಡು ಹಲ್ಲಿಮೊಟ್ಟೆ ತೆಗೆದು ನನ್ನ ಕೈಗೆ ಕೊಟ್ಟ. ಒಂದು ಗಂಟೆ ಕಂಪ್ಯೂಟರನ್ನು ಓಡಿಸಿ ನೋಡಿ, “ಹಳೇದಾಗದೆ ಅಮ್ಮಾ, ಹೊಸದು ತಕಳಿ” ಎಂದ.

“ನಾನೂ ಹಳೇದಾಗಿವ್ನಿ ಕಣಪ್ಪ. ನನ್ನೂ ಬದಲಾಯಿಸ್ಬುಟ್ಟು ಓಗು.”

ಅವನು ಬೈಕ್ ಹತ್ತಿದ. ನಾನು ಕೋಲೆತ್ತಿ ಠಕ್ಕೆನಿಸಿ ಬೀಗ ಹಾಕಿದೆ.

ಮೂರನೆಯ ದಿನ ಚಿಕ್ಕತಾಯಿ ಕೆಂಡದ ಮೇಲೆ ಒಣಮೆಣಸಿನಕಾಯಿ, ಉಪ್ಪು ಸುರಿದು ಕಂಪ್ಯೂಟರಿಗೆ ದೃಷ್ಟಿ ತೆಗೆದಳು. ನಗಬೇಡಿ, ಹೊಸ ಟ್ರ್ಯಾಕ್ಟರಿಗೆ ನಿಂಬೆಹಣ್ಣು ಕಟ್ಟುವವರು ನೀವೂ ತಾನೆ? ಆ ಘಾಟು ಕಂಪ್ಯೂಟರಿಗೆ ತಾಕಿತೋ ಇಲ್ಲವೋ, ಕ್ಯೂನಲ್ಲಿದ್ದ ಅಷ್ಟೂ ಜನಕ್ಕೆ ತಾಕಿತು. ಕೆಮ್ಮಿ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ವ್ಯಾನು ಎರಡು ಕ್ಯಾನು ನಮ್ಮ ಹತ್ತಿರವೇ ಬಿಟ್ಟು ಹೊರಟುಹೋಯಿತು. ಅವತ್ತು ಊರಿಗೆಲ್ಲ ಮಜ್ಜಿಗೆ.

ಇನ್ನೊಂದು ಸಲ ಕ್ಯಾನು ಉಳಿದಾಗ ಯಾರೂ ನಗಲಿಲ್ಲ. ಶನಿವಾರ ಸಂಜೆ ಚಿಕ್ಕತಾಯಿ ಎಲ್ಲರ ಪರವಾಗಿ ಬಾಗಿಲಲ್ಲಿ ನಿಂತು ಹೇಳಿದಳು: “ಬೇಜಾರ್ ಮಾಡ್ಕಬ್ಯಾಡ ಮಂಗಳಾ. ಸೋಮವಾರದಿಂದ ನಾವೆಲ್ಲ ಆ ಬೀದಿ ಗಂಡಸ್ರ ಡೈರಿಗೇ ಹಾಕ್ತೀವಿ. ಹಾಲು ಕೆಡ್ತಾ ಕುಂತ್ರೆ ಆಯ್ತದಾ, ನೀನೇ ಹೇಳು.”

ಹಾಲು ಬಾರದ ಡೈರಿಗೆ ಕಾರ್ಯದರ್ಶಿ ಯಾಕೆ? ಮಂಗಳ ಆ ರಾತ್ರಿ ಊಟಕ್ಕೆ ಕೂತವಳು ಮುದ್ದೆ ಮುರಿಯದೆ ಎದ್ದಳು. ನನಗೆ ಕರುಳು ಚುರುಕ್ಕೆಂದಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ನನಗೆ ಅನ್ನಿಸಿದ್ದು ಬೇರೆ. ಈ ಕುರ್ಚಿ ಹೋದರೆ ಇವಳು ಮತ್ತೆ ಆ ಕೊಟ್ಟಿಗೆಯ ಆರು ವರ್ಷದ ಹಾಗೆ ಮುಖ ಊದಿಸಿಕೊಂಡು ಮನೆಯೊಳಗೆ ತಿರುಗುತ್ತಾಳೆ. ನಮ್ಮ ಮನೆಗೆ ಅಂಥ ಮುಖ ನನ್ನದೊಂದೇ ಸಾಕು.

ಭಾನುವಾರ ಬೆಳಗಿನ ಹಾಲು ಹೇಗೋ ಏದುಸಿರು ಬಿಡುತ್ತ ವ್ಯಾನು ಹತ್ತಿತು. ಮಂಗಳ ಎಂದಿನಂತೆ ಕಂಪ್ಯೂಟರಿಗೆ ಮಲಗು ಎಂದು ಒತ್ತಿ, “ಅದು ತಾನೇ ಆಫಾಯ್ತದೆ ಅತ್ತೆ” ಎಂದು ಕ್ಯಾನು ತೊಳೆಯಲು ಹಿಂದಕ್ಕೆ ಹೋದಳು. ಅವಳು ದಿನವೂ ಹೇಳುವ ಮಾತು ಅದು. ತಾನೇ ಆರುವುದನ್ನು ನಾನು ಎರಡು ನಿಮಿಷ ಮುಂಚೆ ಆರಿಸಿದರೆ ಏನು ಲುಕ್ಸಾನು ಎಂಬುದು ನನ್ನ ಲೆಕ್ಕ. ನೆಲ ತೊಳೆದೆ, ಕೋಲೆತ್ತಿದೆ, ಹಿಡಿಗೆ ಕೊಕ್ಕೆ ಹಾಕಿದೆ. ಅಷ್ಟರಲ್ಲಿ ಚಿಕ್ಕತಾಯಿ ಮರೆತ ಹಾಲಿನ ಚೊಂಬಿಗೆ ಓಡಿಬಂದಳು.

“ಕುಂತು ಹೋಗೇ, ಎಲೆ ಅಡಿಕೆ ಹಾಕ್ಕಂಡು,” ಎಂದೆ.

“ಕುಂತ್ಕಳಾಕೆ ಪುರುಸೊತ್ತೆಲ್ಲಿ ಬುಡಕ್ಕ. ಬ್ಯಾರನ್ ಮುಂದೆ ಯಾರೂ ಇಲ್ಲ, ಇವತ್ತು ಮೂರ್ನೇ ದಿನ. ನಡುವ್ನಾಗೆ ಬೆಂಕಿ ಆರೋದ್ರೆ ಹಳದಿಗ್ ಬಂದಿರೋ ಸೊಪ್ಪೆಲ್ಲ ಕರ್ರಗಾಯ್ತದೆ,” ಎಂದು ಬಂದ ಹಾಗೇ ಹೋದಳು.

ಹೊಗೆಸೊಪ್ಪು ಹದ ಮಾಡುವ ಎತ್ತರದ ಮನೆಗೆ ನಮ್ಮ ಕಡೆ ಬ್ಯಾರನ್ ಎನ್ನುತ್ತೇವೆ. ಒಳಗೆ ಕಡ್ಡಿಗಳಿಗೆ ಎಲೆ ಕಟ್ಟಿ ತೂಗುಹಾಕಿ ಹೊರಗಿನಿಂದ ಬೆಂಕಿ ಕೊಡಬೇಕು. ಮೊದಲು ಸಣ್ಣ ಕಾವಿಗೆ ಎಲೆ ಹಳದಿಯಾಗಬೇಕು, ಆಮೇಲೆ ಕಾವು ಏರಿಸುತ್ತ ನರ ಒಣಗಬೇಕು. ಐದಾರು ದಿನ ಬಾಗಿಲು ತೆರೆಯುವ ಹಾಗಿಲ್ಲ, ಬೆಂಕಿ ಆರಿಸುವ ಹಾಗಿಲ್ಲ. ಹೊರಗಿನಿಂದ ನೋಡಿದರೆ ಬರೀ ಗೋಡೆ. ಒಳಗೆ ಏನೂ ನಡೆಯುತ್ತಿಲ್ಲವೆಂದೇ ಕಾಣುತ್ತದೆ. ನನ್ನ ಅರ್ಧ ಆಯಸ್ಸು ಆ ಒಲೆಯ ಮುಂದೆ ಸೌದೆ ನೂಕುತ್ತ ಕಳೆದಿದೆ.

ಕೋಲು ಹಿಡಿಗೆ ಸಿಕ್ಕಿಕೊಂಡ ಹಾಗೇ ಇತ್ತು. ನಾನು ಪರದೆ ನೋಡಿದೆ. ನೀಲಿ ಬಣ್ಣ, ಸುತ್ತುವ ಮಣಿಗಳು, ಅದರ ಕೆಳಗೆ ಇಂಗ್ಲಿಷಿನ ಸಾಲು. ಸಾಲು ನನಗೆ ಓದಲು ಬಾರದು, ಅಂಕಿ ಬರುತ್ತದೆ. ಮೂವತ್ತು. ನಿನ್ನೆ ಸಂಜೆ ಆರಿಸುವಾಗಲೂ ಮೂವತ್ತು. ಮೊನ್ನೆಯೂ. ಎಂಟು ದಿನದಿಂದ ಬಾಗಿಲು ಎಳೆದುಕೊಳ್ಳುವಾಗ ಒಳಗೆ ಕೀಂ ಕೀಂ ಎಂದು ಏನೋ ಕೂಗುತ್ತಿತ್ತು. ನಾನು ಸುಂಡಿಲಿ ಎಂದುಕೊಂಡಿದ್ದೆ. ಅದು ಕಂಪ್ಯೂಟರಿನ ಪಕ್ಕದ ಬ್ಯಾಟರಿ ಪೆಟ್ಟಿಗೆ. ಕರೆಂಟು ಹೋಯಿತು, ಕೆಲಸ ಅರ್ಧಕ್ಕೆ ನಿಂತಿದೆ ಎಂದು ಅದು ಬಡಕೊಳ್ಳುತ್ತಿತ್ತು, ನಾನು ಹೊರಗಿನಿಂದ ಬೀಗ ಜಡಿಯುತ್ತಿದ್ದೆ.

ಕೋಲನ್ನು ಮೆಲ್ಲಗೆ ಬಿಡಿಸಿ ಇಳಿಸಿದೆ. ಸ್ಟೂಲಿನ ಮೇಲೆ ಕೂತೆ. ಒಂದು ಎಲೆ ಮಡಿಸಿ ಬಾಯಿಗಿಟ್ಟು ಕಾದೆ. ಮೂವತ್ತೊಂದು ಬಂತು.

“ಮಂಗಳಾ! ಬಾ ಇಲ್ಲಿ, ಕ್ಯಾನ್ ಬುಟ್ಟು ಬಾ.”

ಅವಳು ಒದ್ದೆ ಕೈಯಲ್ಲೇ ಬಂದಳು. ನಾನು ಕೋಲಿನಿಂದ ಸ್ವಿಚ್ಚು ತೋರಿಸಿದೆ, ಪರದೆ ತೋರಿಸಿದೆ, ಆಮೇಲೆ ನನ್ನ ಎದೆ ತೋರಿಸಿದೆ. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

“ದಿನಾ ನೀವು ಮೇನ್ ಆರಿಸ್ತಿದ್ರಾ ಅತ್ತೆ? ಇದು ನಡೀತಿರೋವಾಗ್ಲೇ? ಅದು ಮಾಡಿದ್ದೆಲ್ಲಾ ಬೆಳಿಗ್ಗೆ ಬಿಚ್ಚಾಕಿ, ಮತ್ತೆ ಮೊದಲಿಂದ ಶುರು ಮಾಡ್ತಾ ಇತ್ತು!”

“ಊಂ.”

“ಎಂಟು ದಿನ ನನ್ನ ಬಯ್ದ್ರಲ್ಲ.”

“ಬಯ್ದೆ ಕಣವ್ವ. ವಾಪಸ್ ತಗಳಾಕಾಗಲ್ಲ. ಮುಂದಿನ ತಪ್ಪಿಗೆ ಇರ್ಲಿ, ಇಟ್ಕೊ.”

ಅವಳು ನಕ್ಕಳು. ನಗು ನಿಲ್ಲಿಸಲಾಗದೆ ಒದ್ದೆ ಕೈಯನ್ನೇ ಮುಖಕ್ಕೆ ಒತ್ತಿಕೊಂಡಳು.

ಆಮೇಲೆ ಕಾವಲು. ನಾನು ಬಾಗಿಲಿಗೆ ಅಡ್ಡ ಕೂತೆ. ಬೆಳಗಿನ ತಿಂಡಿ ಅಲ್ಲೇ, ಮಧ್ಯಾಹ್ನದ ಮುದ್ದೆಯೂ ಅಲ್ಲೇ. ಕೂತಲ್ಲಿ ಕೂತಾಗ ಮನಸ್ಸು ಕಂಡಕಂಡ ಕಡೆಗೆ ಹೋಗುತ್ತದೆ. ಕಾವಿಗೆ ಕೂತ ಕೋಳಿಯನ್ನು ಸೋಮಾರಿ ಎಂದು ಯಾರೂ ಬಯ್ಯುವುದಿಲ್ಲ. ಹೆಪ್ಪು ಹಾಕಿದ ಹಾಲನ್ನು ಗಳಿಗೆಗೊಮ್ಮೆ ಅಲ್ಲಾಡಿಸುವುದಿಲ್ಲ. ಆದರೆ ಮನುಷ್ಯರು ಸುಮ್ಮನೆ ಕೂತಂತೆ ಕಂಡರೆ ನಮಗೆ ತಡೆಯದು. ಮಂಗಳ ಹೊಸದಾಗಿ ಬಂದಾಗ ಒಂದು ವರ್ಷ ಎಲ್ಲದರಲ್ಲೂ ನಿಧಾನ. ಇವಳಿಗೆ ಕೈಯೇ ಓಡುವುದಿಲ್ಲವೆಂದು ಊರೆಲ್ಲ ಹೇಳಿಕೊಂಡು ಬಂದವಳು ನಾನು. ಅವಳು ಆಗ ನಮ್ಮ ಮನೆಯನ್ನು ಒಳಗೆ ಇಳಿಸಿಕೊಳ್ಳುತ್ತಿದ್ದಳೋ ಏನೋ, ಯಾರು ಕಂಡರು? ನನ್ನ ವಿಷಯಕ್ಕೆ ಬಂದರೆ, ಮೂರನೇ ಕ್ಲಾಸಿನಲ್ಲಿ ಮಗ್ಗಿ ಹತ್ತರವರೆಗೆ ಬಂದಿದ್ದಾಗ ನಮ್ಮಪ್ಪ ಸ್ಲೇಟು ಕಸಿದು ದನದ ಹಗ್ಗ ಕೊಟ್ಟ. ಅವನೂ ಠಕ್ಕೆನಿಸಿದ್ದೇ. ಅದಕ್ಕೆ ಅಳುತ್ತ ಕೂರುವವಳಲ್ಲ ನಾನು. ಹತ್ತರವರೆಗಿನ ಮಗ್ಗಿಯಲ್ಲೇ ಇಷ್ಟು ದೂರ ಬಂದಿದ್ದೇನೆ. ಹನ್ನೊಂದರ ಮಗ್ಗಿ ಹೇಗಿರುತ್ತಿತ್ತು ಎಂದು ಮಾತ್ರ ಅವತ್ತು ಒಮ್ಮೆ ಅನ್ನಿಸಿತು, ಅಷ್ಟೇ.

ಅಂಕಿ ಎಪ್ಪತ್ತನಾಲ್ಕಕ್ಕೆ ಬಂದಿತ್ತು, ಕರೆಂಟು ಹೋಯಿತು. ಕೀಂ ಕೀಂ ಶುರುವಾಯಿತು. ಆ ಹಳೇ ಬ್ಯಾಟರಿಗೆ ಹತ್ತು ನಿಮಿಷದ ಜೀವ. ಮಂಗಳ ಲೈನ್‌ಮ್ಯಾನ್‌ಗೆ ಫೋನು ಹಚ್ಚಿದಳು. ತಂತಿಗೆ ತಾಗಿದ ಕೊಂಬೆ ಕಡಿಸುತ್ತಿದ್ದೇನೆ, ಸಂಜೆಯಾಗುತ್ತದೆ ಎಂದ ಅವನು. ನಾನು ಫೋನು ಕಿತ್ತುಕೊಂಡೆ.

“ಯಾರಪ್ಪಾ ನೀನು? ಮರ ಎಲ್ಲಿಗಾದ್ರೂ ಓಡೋಯ್ತದಾ?”

“ಇಲ್ಲ ಅಜ್ಜಿ, ಆದ್ರೆ...”

“ನಾಳಿಕೂ ಅಲ್ಲೇ ಇರ್ತದಲ್ಲ? ನಮ್ ಡೈರಿ ನಾಳಿಕ್ಕೆ ಇರಾಕಿಲ್ಲ. ಮರದಿಂದ ಆಳ ಇಳ್ಸಿ, ಕರೆಂಟ್ ಕೊಡು. ಮುಂದಿನ ಸಲ ಈ ಕಡೆ ಬಂದಾಗ ಒಂದ್ ಚೊಂಬು ಗಟ್ಟಿ ಮೊಸ್ರು ಕೊಡ್ತೀನಿ.”

ಮೊಸರಿಗೋ, ನನ್ನ ಬಾಯಿಗೋ, ಕೀಂ ಕೀಂ ಇನ್ನೂ ಕೂಗುತ್ತಿರುವಾಗಲೇ ಫ್ಯಾನು ತಿರುಗಿತು. ಮೂರು ಗಂಟೆಯ ಹೊತ್ತಿಗೆ ನೂರು. ಪರದೆ ಕಪ್ಪಾಗಿ, ಮಂಗಳ ದೇವರನ್ನೆಲ್ಲ ಕರೆದು, ಅದು ಎರಡು ಸಲ ತಾನೇ ಸತ್ತು ತಾನೇ ಹುಟ್ಟಿ, ಕೊನೆಗೆ ಎದ್ದು ನಿಂತಿತು.

ಸಂಜೆ ಚೀಟಿಗಳು ಪುರಿ ಸಿಡಿದ ಹಾಗೆ ಬಂದವು. ನಲವತ್ತೂ ಮುಗಿದಾಗ ವ್ಯಾನು ಇನ್ನೂ ಬಂದಿರಲಿಲ್ಲ.

“ನೋಡ್ದ್ರಾ? ತಡವಾದ್ರೂ ನನ್ ಮೆಣಸಿನಕಾಯಿ ಕೆಲ್ಸ ಮಾಡ್ತು,” ಎಂದಳು ಚಿಕ್ಕತಾಯಿ, ಸೆರಗು ಕೊಡವಿ.

ಮಂಗಳ ನನ್ನ ಕಡೆ ಒಮ್ಮೆ ನೋಡಿ ಕ್ಯಾನುಗಳ ಮುಚ್ಚಳ ಬಿಗಿಯತೊಡಗಿದಳು. ನನ್ನ ಹೆಸರು ಹೇಳುವ ಹುಡುಗಿಯಲ್ಲ ಅವಳು. ಮೆಣಸಿನಕಾಯಿಯ ಹಿಂದೆ ನಾನು ಸುಖವಾಗಿ ಅಡಗಿರಬಹುದಿತ್ತು. ಆದರೆ ಅಪ್‌ಡೇಟಿಗೆ ಹೂಂ ಎಂದು ಕಂಪ್ಯೂಟರು ಕೆಡಿಸಿದವಳು ಎಂಬ ಮಾತು ಆ ಹುಡುಗಿಯ ತಲೆಯ ಮೇಲೆ ಉಳಿಯುತ್ತಿತ್ತು, ಹಾಗೆ ಇಟ್ಟವಳು ನಾನೇ. ಸ್ಟೂಲಿನಿಂದ ಎದ್ದು ನಿಂತೆ.

“ಮೆಣಸಿನಕಾಯಿನೂ ಅಲ್ಲ, ಮಂಗಳನೂ ಅಲ್ಲ. ಅದು ಕೆಲ್ಸ ಮಾಡೋವಾಗೆಲ್ಲ ಮೇನ್ ಕಿತ್ತಾಕ್ದೋಳು ನಾನು. ಯಾರಿಗ್ ಏನ್ ಬಯ್ಬೇಕೋ ನಂಗೇ ಬಯ್ರಿ.”

ಚಿಕ್ಕತಾಯಿ, “ಅಯ್ಯೋ ನಿನ್ ಕೋಲು ಮುರ್ದೋಗ! ಎಂಟು ದಿನ ಮಂಗಳನ್ನ ಬಯ್ದೆವಲ್ಲೇ! ನಂ ಬ್ಯಾರನ್ ಕಡೆಗೆ ಮಾತ್ರ ತಲೆ ಹಾಕ್ಬ್ಯಾಡ ಕಣಕ್ಕ” ಎಂದು ನಗಲು ಶುರು ಮಾಡಿದಳು, ನಲವತ್ತೂ ಜನ ಜೊತೆಗೂಡಿದರು. ಸೋಮವಾರದ ಮಾತು ಆ ನಗುವಿನಲ್ಲಿ ಎಲ್ಲಿ ಹೋಯಿತೋ, ಮಾರನೆಯ ಬೆಳಿಗ್ಗೆ ಎಲ್ಲರೂ ಇಲ್ಲೇ ಕ್ಯೂನಲ್ಲಿದ್ದರು. ಲೈನ್‌ಮ್ಯಾನು ಬಂದು ಮೊಸರು ತಿಂದು ಹೋದ.

ಮೇನ್ ಸ್ವಿಚ್ಚನ್ನು ನಾನು ಈಗಲೂ ಆರಿಸುತ್ತೇನೆ. ಬಿಡು ಎಂದರೆ ಬಿಡುವ ವಯಸ್ಸಲ್ಲ ಇದು. ಹಾಲು ಮುಗಿದ ಮೇಲೆ ಮಂಗಳ ಹಿಂದಿನಿಂದಲೇ, “ಆಯ್ತು ಅತ್ತೆ, ಆರಿಸಿ” ಎಂದು ಕೂಗುತ್ತಾಳೆ. ಪರದೆಯೂ ಕಪ್ಪಗಿರುತ್ತದೆ. ಆದರೂ ನಾನು ಕೋಲನ್ನು ಗೋಡೆಗೆ ಒರಗಿಸಿ, ಸ್ಟೂಲಿನ ಮೇಲೆ ಕೂತು, ಒಂದು ಎಲೆ ಮಡಿಸಿ ಬಾಯಿಗಿಡುತ್ತೇನೆ. ಬಾಯಿ ಕೆಂಪಾಗುವವರೆಗೆ ಕಾಯುತ್ತೇನೆ. ಒಳಗೆ ಏನಾದರೂ ಇನ್ನೂ ನಡೆಯುತ್ತಿದ್ದರೆ ಮುಗಿಸಿಕೊಳ್ಳಲಿ. ಆಮೇಲೆ ಠಕ್ಕೆನಿಸುತ್ತೇನೆ.