ಕತ್ತರಿಸದೆ ಕಾದ ಕೈ

ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿದ್ದ ಕಾಲ. ಸುಗ್ಗಿಯಲ್ಲಿ ರಾಗಿ ಮೂಟೆ ಎತ್ತುವಾಗ ನನ್ನ ತೊಡೆಸಂದಿನಲ್ಲಿ ಕರುಳಿನ ಗಂಟು ಹೊರಬಂತು, ಮತ್ತೆ ಒಳಗೆ ಹೋಗಲೇ ಇಲ್ಲ. ಆ ಗಂಟು ನನಗೆ ಹೊಸದಲ್ಲ. ವರ್ಷಗಳಿಂದ ಕಚ್ಚೆ ಬಿಗಿದು ಕಟ್ಟಿ, ಮಲಗಿದಾಗ ಒತ್ತಿಕೊಂಡು, ಯಾರಿಗೂ ಹೇಳದೆ ಇದ್ದವನು ನಾನು. ನಮ್ಮೂರು ಜಡಿಗೇನಹಳ್ಳಿಯ ಗಂಡಸಿನ ಮರ್ಯಾದೆಯೆಲ್ಲ ಕಚ್ಚೆಯೊಳಗೇ ತಾನೇ! ಈ ಸಲ ಹೊಟ್ಟೆ ತಮಟೆಯಂತೆ ಬಿಗಿಯಿತು, ವಾಂತಿ ನಿಲ್ಲಲಿಲ್ಲ. ನನ್ನ ಹೆಂಡತಿ ಪುಟ್ಟಮ್ಮ ಊರಮ್ಮ ಮುತ್ಯಾಲಮ್ಮನ ಕುಂಕುಮ ನನ್ನ ಹಣೆಗಿಟ್ಟು, ಗಾಡಿಯಲ್ಲಿ ಹೊಸಕೋಟೆಗೂ ಅಲ್ಲಿಂದ ಪೆಟ್ರೋಲಿಲ್ಲದೆ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಬೆಂಗಳೂರಿಗೂ ಕರೆತಂದಳು. ದಿಣ್ಣೆ ಬಂದಲ್ಲೆಲ್ಲ ಜನ ಇಳಿದು ಬಸ್ಸು ತಳ್ಳುತ್ತಿದ್ದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಆಸ್ಪತ್ರೆಯಲ್ಲಿ ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆಲ್ಲ ಮರಗಟ್ಟಿಸಿದರು. ಎದೆಯ ಮೇಲೆ ಬಟ್ಟೆಯ ತೆರೆ. ಕಣ್ಣಿಗೆ ಏನೂ ಕಾಣದು, ಕಿವಿ ಮಾತ್ರ ಚುರುಕು. ಆಗ ತಿಳಿಯಿತು, ಕತ್ತಿ ಹಿಡಿದವರು ಇನ್ನೂ ಕೆಲಸ ಕಲಿಯುತ್ತಿದ್ದ ಎಳೆಯ ಡಾಕ್ಟರು. ದೊಡ್ಡ ಡಾಕ್ಟರು ಪಕ್ಕದಲ್ಲಿ ನಿಂತು ಅವರನ್ನು ಪರೀಕ್ಷೆ ಮಾಡುತ್ತಿದ್ದರು. ಇಂಗ್ಲಿಷಿನಲ್ಲಿ ಮಾತಾಡಿದ್ದರೆ ನಾನು ನೆಮ್ಮದಿಯಾಗಿರುತ್ತಿದ್ದೆ!

“ಕರುಳು ಕಪ್ಪಾಗಿದೆ. ಏನ್ ಮಾಡ್ತೀಯಪ್ಪಾ?”

“ಬಿಗಿ ಬಿಡಿಸಿದೀನಿ ಸಾರ್. ಬಿಸಿ ಉಪ್ಪುನೀರಿನ ಬಟ್ಟೆ ಸುತ್ತಿ ಕಾಯ್ತೀನಿ.”

“ಕತ್ತರಿಸಿ ತೆಗೆದ್ಬಿಡಬಾರ್ದಾ?”

“ಸತ್ತಿದ್ರೆ ತೆಗೀತೀನಿ. ಜೀವ ಇರೋದನ್ನ ಕತ್ತರಿಸಿದ್ರೆ ಈಯಪ್ಪ ತಡ್ಕೊಳ್ಳಲ್ಲ ಸಾರ್.”

ಪರೀಕ್ಷೆ ಅವರಿಗೆ, ಹೊಟ್ಟೆ ನನ್ನದು! ‘ತಾಯಿ ಮುತ್ಯಾಲಮ್ಮಾ, ಆ ಕತ್ತಿ ಕಿತ್ತುಕೊಂಡು ದೊಡ್ಡವರ ಕೈಗೆ ಕೊಡು’ ಎಂದು ಮನಸ್ಸಿನಲ್ಲೇ ಗೋಗರೆದೆ. ಬಾಯಿಂದ ಹೊರಟದ್ದು “ತಾಯೀ, ತಾಯೀ” ಅಷ್ಟೇ. ಬಿಸಿ ಬಟ್ಟೆ ಹಿಂಡುವ ಸದ್ದಷ್ಟೇ ಕೇಳುತ್ತಿತ್ತು. ಅಮ್ಮನ ಹತ್ತಿರ ಹೂ ಕೇಳುವಾಗ, ವಿಗ್ರಹಕ್ಕೆ ಅಂಟಿಸಿದ ಹೂ ಬಲಕ್ಕೆ ಬೀಳುವ ತನಕ ಗುಡಿಯೆಲ್ಲ ಉಸಿರು ಬಿಗಿಹಿಡಿದು ನಿಲ್ಲುತ್ತದಲ್ಲ, ಹಾಗಿತ್ತು. ಎಷ್ಟೇ ಆತುರವಿದ್ದರೂ ಹೂವನ್ನು ಯಾರೂ ತಟ್ಟಿ ಬೀಳಿಸುವುದಿಲ್ಲ.

“ಬಣ್ಣ ತಿರುಗ್ತಿದೆ ಸಾರ್,” ಎಂದಿತು ಎಳೆಯ ದನಿ. “ಕೆಂಪಾಯ್ತು. ಮಿಸುಕ್ತಿದೆ!”

“ಒಳಗೆ ಸೇರ್ಸಪ್ಪಾ,” ಎಂದರು ದೊಡ್ಡವರು. ನನಗೆ ಅಳು ಬಂದುಬಿಟ್ಟಿತು.

ಆಮೇಲೆ ವಾರ್ಡಿಗೆ ಬಂದ ದೊಡ್ಡ ಡಾಕ್ಟರು ಪುಟ್ಟಮ್ಮನಿಗೆ ಹೇಳಿದರು: “ಕತ್ತರಿಸೋದು ಎಲ್ಲಾರ್ಗೂ ಬರುತ್ತೆ ಕಣಮ್ಮಾ. ಕೈ ಎಲ್ಲಿ ನಿಲ್ಲಿಸ್ತಾನೆ ಅಂತ ನಾನು ನೋಡೋದು.”

ನನಗೆ ಗಂಜಿ ಇಳಿಯತೊಡಗಿದ ಮೇಲೆ, ಗಾಯ ನೋಡಲು ಬಂದ ಎಳೆಯ ಡಾಕ್ಟರನ್ನು ಕೇಳಿಯೇಬಿಟ್ಟೆ: “ಅಷ್ಟು ಧೈರ್ಯ ಎಲ್ಲಿಂದ ಬಂತು ಸಾಮಿ?”

ಅವರು ನಕ್ಕರು. “ಧೈರ್ಯ ಎಲ್ಲಿತ್ತು ಯಜಮಾನ್ರೇ? ಕಾಯ್ತೀನಿ ಅಂತ ಹೇಳ್ಬಿಟ್ಟೆ, ಆದ್ರೆ ಕೈ ಕತ್ತರಿ ಕಡೆಗೇ ಹೋಗ್ತಿತ್ತು. ನೀವು ‘ತಾಯೀ’ ಅಂತ ಕರೀತಿದ್ರಿ. ನೀವು ಕರೆಯೋದು ನಿಲ್ಲಿಸೋ ತನಕ ಮುಟ್ಟಬಾರ್ದು ಅನ್ನಿಸ್ತು.”

ಅವರ ಕೈಯಿಂದ ಕತ್ತಿ ಕಿತ್ತುಕೋ ಎಂದು ಬೇಡಿ ನಾನು ತಾಯಿಯನ್ನು ಕೂಗಿದ್ದೆ. ಆ ಕೂಗಿನಿಂದಲೇ ತಾಯಿ ಅವರ ಕೈ ತಡೆದಿದ್ದಳು. ಅವಳ ಒಕ್ಕಲಿನ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಹೀಗೆ ಮಾಡು, ಹಾಗೆ ಮಾಡು ಎಂದು ನಾನೀಗ ಅಮ್ಮನಿಗೆ ಬುದ್ಧಿ ಹೇಳುವುದಿಲ್ಲ. ಕರೆಯುತ್ತೇನೆ, ಅಷ್ಟೇ.