ವೈನಿಯ ಮನೆಯ ಸೂಜಿಮದ್ದು

ಕಳೆದ ವಾರ ಬಾದಾಮಿಯ ದವಾಖಾನೆಯಲ್ಲಿ ಮೊಣಕಾಲು ನೋವಿಗೆಂದು ಸೂಜಿ ಮಾಡಿಸಿಕೊಳ್ಳಲು ಕುಳಿತಿದ್ದೆ. ನರ್ಸ್ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತೋಳಿಗೆ ಒರೆಸಿದಳು. ಆ ತಣ್ಣನೆಯ ವಾಸನೆ ಮೂಗಿಗೆ ಬಂದದ್ದೇ ತಡ, ಇಳಕಲ್ಲಿನ ನಮ್ಮ ಓಣಿ, ಪಕ್ಕದ ಮನೆಯ ಒಲೆಯ ಮೇಲೆ ಕುದಿಯುತ್ತಿದ್ದ ಗಾಜಿನ ಸಿರಿಂಜು, ಅದರ ಮುಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಳಿತ ವೈನಿ... ಎಲ್ಲ ಕಣ್ಣ ಮುಂದೆ ಬಂದುಬಿಟ್ಟವು. "ಕೈ ಸಡ್ಲ ಬಿಡ್ರಿ ಅಮ್ಮಾರ" ಎಂದಳು ನರ್ಸ್. ನನಗೆ ಬಿಡಲಾಗಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಇಳಕಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿ. ನನ್ನ ಗಂಡ ಅಲ್ಲಿಯೇ ಬ್ಯಾಂಕಿನಲ್ಲಿದ್ದರು. ಗೋಡೆಗೆ ಗೋಡೆ ಹತ್ತಿದ ಮನೆ ವೈನಿಯದು. ವೈನಿ ಎಂದರೆ ಅತ್ತಿಗೆ, ಆದರೆ ಸಂಬಂಧವೇನೂ ಇರಲಿಲ್ಲ. ವಯಸ್ಸಿನಲ್ಲಿ ಹಿರಿಯರು, ಹಾಗಾಗಿ ವೈನಿ. ಅವರ ಗಂಡ ನೇಕಾರರು, ಮನೆಯೊಳಗೇ, ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗ. ಅತ್ತೆಯೂ ಇದ್ದರು; ಅವರು ಓಣಿಗೆಲ್ಲ ಆಯಿ.

ಮದುವೆಯಾದ ಹೊಸದರಲ್ಲಿ ಟೆಂಪೊ ಮಗುಚಿ ವೈನಿಯ ಗಂಡನಿಗೆ ಜೋರು ಪೆಟ್ಟಾಗಿತ್ತು. ಕಾಲು ಮುರಿದದ್ದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದ್ದನ್ನು ವೈನಿ ನನಗೆ ಹೇಳಿದ್ದು ಒಂದು ಮಧ್ಯಾಹ್ನ, ನಮ್ಮ ಪಡಸಾಲೆಯಲ್ಲಿ ಮೆಂತೆ ಸೊಪ್ಪು ಸೋಸುತ್ತ, ತಲೆ ಎತ್ತದೆ. ಹುಬ್ಬಳ್ಳಿಯ ದವಾಖಾನೆಯಲ್ಲಿ ಅವರ ಜೀವ ಉಳಿಸಲು ಗಂಡಸುತನದ ಎರಡೂ ಗ್ರಂಥಿಗಳನ್ನು ತೆಗೆಯಬೇಕಾಗಿತ್ತು. ಮೈ ತಾನಾಗಿ ಮಾಡಿಕೊಳ್ಳುತ್ತಿದ್ದುದನ್ನು ಇನ್ನು ಮೇಲೆ ಸೂಜಿಯಲ್ಲಿ ಹೊರಗಿನಿಂದ ಕೊಡಬೇಕು, ಬದುಕಿರುವ ತನಕ. ಟೆಸ್ಟೊಸ್ಟೆರಾನ್ ಎಂಬ ಹೆಸರನ್ನು ವೈನಿ ಮಂತ್ರದಂತೆ ಬಾಯಿಪಾಠ ಮಾಡಿದ್ದರು. ಸೂಜಿ ಚುಚ್ಚುವುದನ್ನು ಅಲ್ಲಿನ ನರ್ಸಿನಿಂದಲೇ ಕಲಿತು ಬಂದಿದ್ದರು. ಆಯಿಗೆ ಅದು ಕಾಲು ನೋವಿನ ಔಷಧ, ಅಷ್ಟೇ.

"ನೀವು ತಿಂಗಳಾ ತವರಮನಿಗೆ ಬಾಗಲಕೋಟಿಗೆ ಹೋಗ್ತೀರಲ್ಲರಿ ಅಕ್ಕೋರ, ಅಲ್ಲಿಂದ ತಂದು ಕೊಡ್ರಿ. ಇಲ್ಲಿ ಅಂಗಡ್ಯಾಗ ಕೇಳಿದ್ರ ಸಂಜಿ ಆಗೂದ್ರಾಗ ಊರ ತುಂಬ ಆಗತೈತಿ" ಎಂದರು.

ತರತೊಡಗಿದೆ. ಮೊದಲ ಸಲ ಬೆಲೆ ಕೇಳಿ ಗಾಬರಿಯಾದೆ. ಮಗ್ಗದ ಸಂಪಾದನೆ ಮೂವರ ಹೊಟ್ಟೆಗೇ ಸಾಲುತ್ತಿರಲಿಲ್ಲ. ಸೀರೆಯ ಒಡಲಿಗೆ ಸೆರಗನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವ ಕೆಲಸವನ್ನು ವೈನಿ ನಾಲ್ಕು ಮನೆಯಿಂದ ಹಿಡಿದು ತರುತ್ತಿದ್ದರು. ಬ್ಯಾಂಕಿನ ಒಂಟಿ ಗಂಡಸರಿಗೆ ರೊಟ್ಟಿ ಬಡಿದು ಕೊಡುತ್ತಿದ್ದರು. ಚೊಳಚಗುಡ್ಡದ ತವರಿನವರು ಹಾಕಿದ್ದ ಬಂಗಾರದ ಬೋರಮಾಳ ಸರ ಯಾವಾಗಲೋ ಮಾರಿಹೋಗಿತ್ತು. ಇಷ್ಟು ಮಾಡಿಯೂ ಒಮ್ಮೊಮ್ಮೆ ಹೊಂದುತ್ತಿರಲಿಲ್ಲ. ಆಗ ವಾರ ಮುಂದೂಡುವರು, ಮತ್ತೊಂದು ವಾರ ಮುಂದೂಡುವರು. ಔಷಧದ ಬಲ ಇಳಿಯುತ್ತ ಬಂದಂತೆ ಗೋಡೆಯಾಚೆ ಮಗ್ಗದ ಸದ್ದು ನಿಧಾನವಾಗುತ್ತಿತ್ತು. ಸೂಜಿಯಾದ ಕೆಲವು ದಿನಕ್ಕೆ ಮತ್ತೆ ಲಾಳಿ ಚುರುಕಾಗಿ ಓಡುತ್ತಿತ್ತು. ಮಗ್ಗ ನಡೆಯಲು ಔಷಧ ಬೇಕು, ಔಷಧಕ್ಕೆ ಮಗ್ಗ ನಡೆಯಬೇಕು... ವೈನಿ ಆ ಎರಡರ ನಡುವೆ ಓಡಾಡುತ್ತಿದ್ದರು.

ಮಕ್ಕಳಾಗದ್ದು ಮಾತ್ರ ವೈನಿಯ ತಲೆಗೇ ಬಂತು. ಒಂದು ದಿನ ಆಯಿ ಅವರ ಎದುರಿಗೇ ನನ್ನನ್ನು ಕೇಳಿದರು: "ಇನ್ನೆಷ್ಟ ವರ್ಷ ದಾರಿ ನೋಡ್ಲಿ ಹೇಳ್ರಿ ಅಕ್ಕೋರ? ತುಳಸಿಗೇರ್ಯಾಗ ಒಂದ ಹುಡುಗಿ ನೋಡೇನಿ. ಮಗಗ ಇನ್ನೊಂದ ಮದವಿ ಮಾಡೂದು ತಪ್ಪೇನು?"

ವೈನಿ ಚಹಾದ ಕಪ್ಪು-ಬಸಿ ನನ್ನ ಕೈಗಿತ್ತು ಕಣ್ಣಲ್ಲೇ ಹೇಳಬೇಡಿ ಎಂದರು. "ನಿಮ್ಮ ಮನೀ ಮಾತು ಆಯಿ, ನಾ ಏನ್ ಹೇಳ್ಲಿ" ಎಂದು ಚಹಾ ಕುಡಿದೆ. ಹೆಂಡತಿ ಇರುವಾಗ ಇನ್ನೊಂದು ಮದುವೆ ಕಾಯದೆಗೆ ವಿರುದ್ಧ ಎಂದಾದರೂ ಹೇಳಬಹುದಿತ್ತು. ಅದಕ್ಕೆ ಗುಟ್ಟು ಒಡೆಯಬೇಕಾಗಿರಲಿಲ್ಲ. ಆಗ ನಾನು ಬಸುರಿ. ಬೇರೆಯವರ ಮನೆಯ ಜಗಳ ನನಗೇಕೆ ಎನಿಸಿತ್ತು.

ಬಾಣಂತನಕ್ಕೆಂದು ಬಾಗಲಕೋಟೆಗೆ ಹೊರಟಾಗ ವೈನಿ ಮುಂದಿನ ತಿಂಗಳುಗಳ ಔಷಧಕ್ಕೆಂದು ಕೂಡಿಟ್ಟ ದುಡ್ಡನ್ನೆಲ್ಲ ನನ್ನ ಕೈಗೆ ಕೊಟ್ಟರು. ನನ್ನ ತಮ್ಮ ಹುನಗುಂದದ ವಕೀಲರೊಬ್ಬರ ಬಳಿ ಕೆಲಸಕ್ಕಿದ್ದ, ವಾರವಾರ ಬಾಗಲಕೋಟೆಗೆ ಬಂದು ಹೋಗುತ್ತಿದ್ದ. ಹುನಗುಂದದಿಂದ ಇಳಕಲ್ಲು ಹತ್ತಿರವೇ. "ಅವನ ಕೈಲೆ ಕಳಸ್ತೇನಿ ವೈನಿ, ಕಾಳಜಿ ಬ್ಯಾಡ" ಎಂದೆ.

ಮಗಳು ಹುಟ್ಟಿದಳು. ತಮ್ಮ ಬಂದ, ಹೋದ, ಮತ್ತೆ ಬಂದ. ಬಾಣಂತಿಯಾದ ನಾನು ಅಂಗಡಿಗೆ ಹೋಗುವಂತಿರಲಿಲ್ಲ, ಔಷಧ ಅವನೇ ಕೊಳ್ಳಬೇಕಿತ್ತು; ಆದರೆ ನಾನು ಅವನಿಗೆ ಹೇಳಲಿಲ್ಲ. ಆ ಔಷಧದ ಹೆಸರು ಹೇಳಿದರೆ ಅಂಗಡಿಯವನು ಅದು ಏತಕ್ಕೆಂದು ಹೇಳಿಬಿಡುತ್ತಾನೆ. ಪಕ್ಕದ ಮನೆಯಲ್ಲಿ ಕೊಡು ಎನ್ನಬಹುದು, ಯಾರಿಗೆ ಬೇಕಾದದ್ದು ಎಂದು ನಾನು ಹೇಳುವಂತಿಲ್ಲ. ಆಗ ತಮ್ಮ ಏನಂದುಕೊಂಡಾನು? ನನ್ನ ಗಂಡನಿಗೇ ಬೇಕಾಗಿದೆ, ಮುಚ್ಚಿಡಲು ಪಕ್ಕದ ಮನೆಯ ಹೆಸರು ಹೇಳುತ್ತಿದ್ದೇನೆ ಎಂದಲ್ಲವೆ? ಅವ್ವನ ಕಿವಿಗೆ ಬಿದ್ದರೆ? ತೊಟ್ಟಿಲಲ್ಲಿ ಮಲಗಿದ್ದ ಮಗಳು ಯಾರದೆಂಬ ಮಾತೂ ಎದ್ದೀತೆಂದು ಹೆದರಿದೆ. ವೈನಿ ಜಾಣೆ, ಏನಾದರೂ ದಾರಿ ಮಾಡಿಕೊಳ್ಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಅವರ ದುಡ್ಡು ನನ್ನ ಟ್ರಂಕಿನಲ್ಲಿತ್ತು, ದಾರಿ ಎಲ್ಲಿಂದ ಬಂದೀತು... ಅದನ್ನು ಮಾತ್ರ ಯೋಚಿಸಲಿಲ್ಲ.

ಕೂಸನ್ನೆತ್ತಿಕೊಂಡು ಇಳಕಲ್ಲಿಗೆ ಮರಳಿದಾಗ ಗೋಡೆಯಾಚೆ ಸದ್ದಿರಲಿಲ್ಲ. ಹೋಗಿ ನೋಡಿದೆ. ವೈನಿಯ ಗಂಡ ಕಂಬಕ್ಕೊರಗಿ ಕುಳಿತಿದ್ದರು. ಮುಖ ಬಿಳಿಚಿ, ಕೈಗಳು ತೊಡೆಯ ಮೇಲೆ ಯಾರದೋ ಕೈಗಳಂತೆ ಬಿದ್ದಿದ್ದವು. ಯಾರೊಡನೆಯೂ ಮಾತಿಲ್ಲವಂತೆ. ಹೇಳಿದ ಹೊತ್ತಿಗೆ ಸೀರೆ ಮುಗಿಯುತ್ತಿಲ್ಲವೆಂದು, ನೂಲು ಕೊಟ್ಟು ನೇಯಿಸುತ್ತಿದ್ದ ಸಾವುಕಾರರು ಅದನ್ನು ವಾಪಸು ಒಯ್ದಿದ್ದರು. ವೈನಿ ನನ್ನ ಮಗಳನ್ನು ಎತ್ತಿಕೊಂಡು ಮುದ್ದಿಟ್ಟರು. "ವಾರಾ ವಾರಾ ನಿಮ್ಮ ತಮ್ಮನ ದಾರಿ ನೋಡಿದ್ನಿರಿ" ಎಂದರು. ಬೈಯಲಿಲ್ಲ.

ಮರುದಿನವೇ ಬಾಗಲಕೋಟೆಗೆ ಹೋಗಿ ಔಷಧ ತಂದೆ. ಆದರೆ ಸೂಜಿ ಮೈಗೆ ಹತ್ತುವ ಮೊದಲೇ ಆಯಿ ತುಳಸಿಗೇರಿಯವರನ್ನು ಮನೆ ನೋಡಲು ಕರೆಸಿದರು. ಓಣಿಯ ನಾಲ್ಕು ಹೆಂಗಸರೂ ಇದ್ದರು, ನಾನೂ ಇದ್ದೆ. ಕಂಬ ಹಿಡಿದು ಎದ್ದು ನಿಂತ ವೈನಿಯ ಗಂಡ ಎಲ್ಲರಿಗೂ ಕೇಳುವಂತೆ ಹೇಳಿದರು: "ಅವ್ವಾ, ಆಕೀದು ಏನೂ ತಪ್ಪಿಲ್ಲ. ಟೆಂಪೊ ಬಿದ್ದಾಗ ನನ್ನ ಗಂಡಸ್ತನಾನಽ ತಗದಾರ. ಎಷ್ಟ ಮದವಿ ಮಾಡಿದ್ರೂ ನನಗ ಮಕ್ಕಳಾಗೂದಿಲ್ಲ. ಆ ಸೂಜಿ ಕಾಲಿಗಲ್ಲ. ಆಕಿ ದುಡದು ಹಾಕಸ್ತಾಳಂತ ನಾ ಮಗ್ಗದಾಗ ಕುಂದರತೇನಿ."

ಮೊದಲು ಮಾತಾಡಿದವರು ವೈನಿ, ಅದೂ ಸಿಟ್ಟಿನಿಂದ, ಅಳುತ್ತ. "ಯಾಕ ಹೇಳಿದ್ರಿ? ನಾ ಹೊತಗೊಂಡಿದ್ದೆ ಅಲ್ಲ! ನಿಮಗ ಭಾರ ಆಗಿತ್ತೇನು?"

ತುಳಸಿಗೇರಿಯವರು ಚಹಾ ಕುಡಿಯದೆ ಎದ್ದು ಹೋದರು. ಓಣಿಯ ಕಟ್ಟೆಯ ಮೇಲೆ ಕೆಲವು ದಿನ ಗಂಡಸರು ನಕ್ಕರು. ಆಯಿ ಎಷ್ಟೋ ದಿನ ಸೊಸೆಯ ಮುಖ ನೋಡಲಿಲ್ಲ. ಆಮೇಲೊಂದು ಬೆಳಿಗ್ಗೆ ತಲೆ ತುಂಬ ಸೆರಗು ಹೊದ್ದು, ತಾವೇ ಬಜಾರಿನ ಔಷಧದ ಅಂಗಡಿಗೆ ಹೋಗಿ, "ನನ್ನ ಮಗನ ಸೂಜಿ ತರಿಸಿ ಕೊಡ್ರಿ, ತಿಂಗಳಾ ಬೇಕು" ಎಂದು ಗಟ್ಟಿಯಾಗಿ ಕೇಳಿದರಂತೆ. ತಮ್ಮ ಕಾಲಿನ ಬೆಳ್ಳಿಯ ಕಡಗ ಬಿಚ್ಚಿ ಸೊಸೆಗೆ ಕೊಟ್ಟರೆಂದೂ ಕೇಳಿದೆ. ಮಗ್ಗ ಮತ್ತೆ ಸುರುವಾಯಿತು. ನನ್ನಿಂದ ಅವರಿಗೆ ಬೇಕಾದದ್ದು ಇನ್ನೇನೂ ಇರಲಿಲ್ಲ.

ಎಂಬತ್ತರ ದಶಕದ ಮೊದಲಲ್ಲಿ ನನಗೆ ಬಾದಾಮಿಗೆ ವರ್ಗವಾಯಿತು. ಹೊರಡುವ ದಿನ ಉಡಿ ತುಂಬುತ್ತ ವೈನಿ ತಾವಾಗಿಯೇ ಅಂದರು: "ಅವಾಗ ನಿಮ್ಮ ತಮ್ಮಗ ಪುರಸೊತ್ತು ಆಗಿರಲಿಕ್ಕಿಲ್ಲ ಬಿಡ್ರಿ. ಮನಸಿನ್ಯಾಗ ಇಟ್ಕೋಬ್ಯಾಡ್ರಿ."

ನಾನು "ಹೂಂ ವೈನಿ, ಅಂವಗ ಕೆಲಸ ಭಾಳ ಇತ್ತು" ಎಂದೆ.

ಆ ಮೇಲೆ ನಾನು ಆ ಓಣಿಗೆ ಹೋಗಲಿಲ್ಲ. ಬಾದಾಮಿಯಿಂದ ಇಳಕಲ್ಲಿಗೆ ಬಸ್ಸಿರಲಿಲ್ಲವೆಂದಲ್ಲ... ವೈನಿ ತೀರಿಕೊಂಡ ಸುದ್ದಿ ಕೂಡ ನನಗೆ ಮುಟ್ಟಿದ್ದು ವರ್ಷ ಕಳೆದ ಮೇಲೆ, ಮದುವೆಯೊಂದರಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿನಿಯಿಂದ. ಗಂಡನನ್ನು ಕೊನೆಯವರೆಗೆ ತಾವೇ ನೋಡಿಕೊಂಡು, ಅವರ ಹಿಂದೆಯೇ ಹೋದರಂತೆ.

ಅಂದು ದವಾಖಾನೆಯಿಂದ ಬಂದು ತಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಒಯ್ದು ಕೊಡ್ತಿದ್ದೆ ಅಲ್ಲಬೇ ಅಕ್ಕಾ. ಯಾರಿಗಂತ ಕೇಳ್ತಿರಲಿಲ್ಲ ನಾ" ಎಂದ.

ಕೇಳುತ್ತಿರಲಿಲ್ಲ, ಖರೆ. ಅವನ ಸ್ವಭಾವ ನನಗೆ ಆಗಲೂ ಗೊತ್ತಿತ್ತು. ತಮ್ಮನಿಗೆ ನಾನು ಹೇಳಿಯೇ ಇರಲಿಲ್ಲ ಎಂಬುದನ್ನು ವೈನಿಗೆ ಹೇಳಲು ಇನ್ನು ಆಗುವುದಿಲ್ಲ.